ಅಂಚಿನಕ್ಕ ಮತ್ತು ಅಣ್ಣನ ಬಣ್ಣ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಳೆಯ ಗೂಡ್ಸ್ ಶೆಡ್ಡಿನ ತಗಡಿನ ಬಾಗಿಲನ್ನು ಭುಜ ಕೊಟ್ಟು ತಳ್ಳಿ ಒಳಗೆ ಬರುವ ಈ ಹೆಂಗಸು ದೀಪ ಹಾಕುತ್ತಾರೆ, ಮೂಲೆಯಲ್ಲಿದ್ದ ಮೋಟು ಸ್ಟೂಲನ್ನು ಕಾಲಿನಿಂದಲೇ ಸರಿಸಿಕೊಳ್ಳುತ್ತಾರೆ, ಕೂರುತ್ತಾರೆ. ಮಂಡಿನೋವು ಇರುವುದರಿಂದ ಕೂರುವುದೂ ಒಂದು ಕೆಲಸವೇ. ಒಂದು ಕೈ ಗೋಡೆಗೆ, ಇನ್ನೊಂದು ಮೊಣಕಾಲಿಗೆ, ನಡುವೆ ಯಾರನ್ನೋ ಬೈದ ಹಾಗೆ ಒಂದು ಉಸಿರು. ಕೂತ ಮೇಲೆ ಅವರ ಗಲ್ಲ ಸರಿಯಾಗಿ ಮುಂದಿನ ಮೇಜಿನ ಅಂಚಿಗೆ ಬರುತ್ತದೆ.

ಆ ಮೇಜಿನ ಮೇಲೆ ಒಂದು ಇಡೀ ಊರಿದೆ. ಬೆಂಕಿಪೊಟ್ಟಣದಷ್ಟು ಟಿಕೆಟ್ ಮನೆ, ಹೆಬ್ಬೆರಳಿನಷ್ಟು ನೀರಿನ ಟ್ಯಾಂಕು, ಗೆಣ್ಣುದ್ದದ ಜನ, ಇವರೆಲ್ಲರನ್ನೂ ಸುತ್ತುವ ಆಟಿಕೆ ರೈಲು. ಮೇಜಿನ ಹೊರಮೈಗೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಂದ ಸಾಲಾಗಿ ಮರದ ಪಟ್ಟಿಗಳನ್ನು ಕಚ್ಚಿಸಿದ್ದಾರೆ. ಒಂದೊಂದು ಪಟ್ಟಿಗೂ ಒಂದೊಂದು ಬಣ್ಣ ಎಂದು ಅವರು ಹೇಳುತ್ತಾರೆ. ನನ್ನ ಕಣ್ಣಿಗೆ ಎಲ್ಲವೂ ಕಂದು.

"ಇದು ಸತ್ತೋಗಿದೆ," ಎಂದು ಮೊದಲ ಪಟ್ಟಿಯನ್ನು ಕಿತ್ತು ಕೆಳಗಿಡುತ್ತಾರೆ. "ಇದು ಕಿರುಚ್ತಾ ಇದೆ. ಇದು ಪರವಾಗಿಲ್ಲ, ಆದ್ರೆ ಜ್ವರ ಬಂದು ಎದ್ದೋರ ಥರ ಇದೆ."

"ಸರಿಯಾಗಿರೋದು ಯಾವುದು ಹಾಗಾದ್ರೆ?" ಎಂದು ಕೇಳಿದೆ.

"ಅದು ಗೊತ್ತಿದ್ರೆ ಈ ಚಳೀಲಿ ಇಲ್ಲಿ ಬಂದು ಕೂತ್ಕೊಳ್ಳೋಕೆ ನನಗೇನು ಹುಚ್ಚಾ ತಾಯಿ? ಮನೇಲಿ ಮುಸುಕು ಹಾಕ್ಕೊಂಡು ಬಿದ್ಕೊಂಡಿರ್ತಿದ್ದೆ."

ಇವರನ್ನು ಇಲ್ಲಿ ಎಲ್ಲರೂ ಅಂಚಿನಕ್ಕ ಎನ್ನುತ್ತಾರೆ. ಈ ಪುಟ್ಟ ರೈಲಿನ ಊರನ್ನು ಕಟ್ಟಿದ್ದು ರೈಲ್ವೆಯಿಂದ ನಿವೃತ್ತರಾದ ಒಂದು ಗೆಳೆಯರ ಗುಂಪು. ಎಂಜಿನ್ನು ರಿಪೇರಿಗೆ ಒಬ್ಬರು, ಮರಗಿಡಗಳಿಗೆ ಒಬ್ಬರು, ಇಡೀ ಗುಂಪಿನ ಯಜಮಾನಿಕೆಗೆ ಒಬ್ಬ ಮಾಜಿ ಗಾರ್ಡು. ಅಂಚಿನಕ್ಕನ ಪಾಲಿಗೆ ಬಂದಿರುವುದು ಮೇಜಿನ ಅಂಚು. ಮೇಲಿನ ಊರು ಮುಗಿದು ನಮ್ಮ ನೆಲ ಶುರುವಾಗುವ ನಡುವೆ, ಒಂದು ಗೇಣು ಅಗಲಕ್ಕೆ ಮೇಜಿನ ಸುತ್ತ ಓಡುವ ಹಲಗೆ. ಅದಕ್ಕೆ ಯಾವ ಬಣ್ಣ ಎಂದು ಆರಿಸುವುದು, ಬಳಿಯುವುದು, ನೋಡಲು ಬಂದವರ ಉಂಗುರ, ಬೆಲ್ಟು, ಬ್ಯಾಗಿನ ಜಿಪ್ಪು ಕೆರೆದಲ್ಲಿ ಮತ್ತೆ ತೇಪೆ ಹಾಕುವುದು. ನಾನೇ ಮಗಳನ್ನು ಕರೆದುಕೊಂಡು ಎಷ್ಟೋ ಸಲ ಇಲ್ಲಿಗೆ ಬಂದಿದ್ದೇನೆ. ರೈಲು ನೆನಪಿದೆ, ಸುರಂಗ ನೆನಪಿದೆ, ಸ್ಟೇಷನ್ ಮಾಸ್ಟರನ ಕೆಂಪು ಬಾವುಟ ಕೂಡ ನೆನಪಿದೆ. ಅಂಚು ಯಾವ ಬಣ್ಣದ್ದು ಎಂದು ಕೇಳಿದರೆ ಕಣ್ಣು ಕಣ್ಣು ಬಿಡಬೇಕಾಗಿತ್ತು.

ಮೇಜಿನ ಮೇಲಿರುವುದು ಈ ಊರಿನ ಹಳೆಯ ರೈಲು ದಾರಿಯೇ. ಈಗ ಆ ದಾರಿ ಇಲ್ಲ. ಹಳಿ ಕಿತ್ತು, ಅದರ ಮೇಲೆ ಡಾಂಬರು ಹಾಕಿ, ಅಂಗಡಿ ಸಾಲು ಎದ್ದು ಬಹಳ ಕಾಲವಾಯಿತು. ಬೋಗಿ ಕಾರ್ಖಾನೆ ಇದ್ದ ಜಾಗದಲ್ಲಿ ಈಗ ಕಾರು ನಿಲ್ಲಿಸುತ್ತಾರೆ. ಅಂಚಿನಕ್ಕ ತಮ್ಮ ಆಯಸ್ಸಿನ ಬಹುಪಾಲನ್ನು ಕಳೆದದ್ದು ಆ ಕಾರ್ಖಾನೆಯ ಬಣ್ಣದ ವಿಭಾಗದಲ್ಲಿ.

"ಅಣ್ಣ ಅಲ್ಲಿ ಮೇಸ್ತ್ರಿ. ನಾನು ಶಾಲೆ ಬಿಟ್ಟು ಮನೇಲಿ ಸುಮ್ನೆ ಕೂತಿದ್ದೆ. ಕೈ ಖಾಲಿ ಇದ್ರೆ ಬಾಯಿ ಜಾಸ್ತಿ ಆಗುತ್ತೆ ಅಂತ ಎಳ್ಕೊಂಡು ಹೋದ," ಎಂದು ನಗುತ್ತಾರೆ. "ಮೊದಲನೇ ವರ್ಷ ಬ್ರಷ್ಷೇ ಕೊಡ್ಲಿಲ್ಲ. ಮರಳು ಕಾಗದ ಹಿಡ್ದು ಉಜ್ಜು ಅಂದ. ಉಜ್ಜಿದ್ದೇ ಉಜ್ಜಿದ್ದು. ಕೈಯಲ್ಲಿರೋ ಗೆರೆಗಳೆಲ್ಲ ಹೋಗ್ಬಿಟ್ವು, ಇನ್ನು ಕೈ ನೋಡಿ ಭವಿಷ್ಯ ಹೇಳೋರಿಗೆ ಕೆಲಸ ಇಲ್ಲ ಅಂತ ಅತ್ತಿಗೆ ರೇಗಿಸ್ತಿದ್ಲು."

ಆಮೇಲೆ ಬಣ್ಣ ಕಲಸುವುದನ್ನು ಕಲಿತರು. ಡಬ್ಬಿಯಿಂದ ತೆಗೆದು ಹಾಗೇ ಬಳಿಯುವುದನ್ನು ಅಣ್ಣ ಬಣ್ಣ ಎಂದೇ ಒಪ್ಪುತ್ತಿರಲಿಲ್ಲವಂತೆ. ಹಸಿಯಾಗಿದ್ದಾಗ ಒಂದು, ಒಣಗಿದ ಮೇಲೆ ಇನ್ನೊಂದು. ಅಂಗಳದಲ್ಲಿ ಒಂದು, ಶೆಡ್ಡಿನೊಳಗೆ ಮತ್ತೊಂದು. ಇದನ್ನೆಲ್ಲ ಬಾಯಲ್ಲಿ ಹೇಳಿಕೊಡುವ ಮನುಷ್ಯನೂ ಅಲ್ಲ ಆತ. ತಾವು ಕಲಸುವಾಗ ತಂಗಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದರು, ಅಷ್ಟೆ. ಥಿನ್ನರಿನ ಘಾಟು ಎದೆಗೆ ಹೋಗಿ ಅಂಟಿಕೊಂಡ ಕೆಮ್ಮು ಅಂಚಿನಕ್ಕನನ್ನು ಇವತ್ತಿಗೂ ಬಿಟ್ಟಿಲ್ಲ. ಆದರೂ ಆ ದಿನಗಳ ಮಾತು ಬಂದರೆ ಅವರ ಮುಖ ಅರಳುತ್ತದೆ. ಹೊಸದಾಗಿ ಬಣ್ಣ ಹೊಡೆದ ಬೋಗಿ ಕಾರ್ಖಾನೆಯ ಗೇಟು ದಾಟುವಾಗ ಅಣ್ಣ ತಂಗಿ ಇಬ್ಬರೂ ಕೆಲಸ ಬಿಟ್ಟು ಬಂದು ನಿಲ್ಲುತ್ತಿದ್ದರಂತೆ, ಮದುವೆ ಮಾಡಿ ಹೆಣ್ಣು ಕಳಿಸಿಕೊಡುವವರ ಹಾಗೆ.

ಈ ಮೇಜಿನ ಅಂಚು ಕೂಡ ತಂಗಿಗಿಂತ ಮುಂಚೆ ಅಣ್ಣನ ಕೆಲಸವೇ. ಅದರ ಕಥೆಯನ್ನು ಅಂಚಿನಕ್ಕನ ಬಾಯಲ್ಲೇ ಕೇಳಬೇಕು.

"ಮೊದ್ಲು ಗುಂಪಿನೋರೇ ಗೋಡೆ ಮೇಲಿನ ಆಕಾಶಕ್ಕೆ ಬಳಿದು ಉಳ್ದಿದ್ದ ನೀಲಿ ಹೊಡೆದ್ರು. ಊರು ನೀರಲ್ಲಿ ತೇಲ್ತಿರೋ ಹಾಗೆ ಕಾಣೋಕೆ ಶುರುವಾಯ್ತು. ಆಮೇಲೆ ಅಣ್ಣ ಬಂದ. ಅವನಿಗೆ ಗೊತ್ತಿದ್ದಿದ್ದು ಬೋಗಿ ಬಣ್ಣ. ದ್ರಾಕ್ಷಿ ಹಣ್ಣಿನಂಥ ಕೆಂಪು, ಮೇಲೆ ವಾರ್ನಿಷ್ಷು, ಕನ್ನಡಿ ಥರ ಹೊಳೀತಿತ್ತು. ಎಲ್ರೂ ಆಹಾ ಅಂದ್ರು. ರೈಲು ಓಡ್ಸಿದ್ರೆ ಏನಿದೆ? ಅಂಚೇ ಅಷ್ಟು ಜೋರಾಗಿದ್ದಾಗ ಅದರ ಮುಂದೆ ರೈಲು ಒಗೆದು ಒಗೆದು ಬಣ್ಣ ಹೋದ ಬಟ್ಟೆ ಥರ ಕಂಡಿತು. ಜೀವಮಾನ ಎಲ್ಲ ರೈಲಿಗೆ ಬಣ್ಣ ಹೊಡೆದವನು ರೈಲನ್ನೇ ಮಂಕು ಮಾಡ್ಬಿಟ್ಟಿದ್ದ."

ಆ ಅವಮಾನಕ್ಕೆ ಅಣ್ಣ ಹಟಕ್ಕೆ ಬಿದ್ದರು. ಮೇಜಿನ ಮೇಲೆ ಊರಿನ ನೆಲಕ್ಕೆ ಹಾಕಿದ್ದ ಮಣ್ಣನ್ನೇ ಚಿಟಿಕೆ ತೆಗೆದುಕೊಂಡು, ಅದಕ್ಕೆ ಕೂದಲೆಳೆಯ ವ್ಯತ್ಯಾಸವಿಲ್ಲದ ಹಾಗೆ ಬಣ್ಣ ಕಲಸಿ ಅಂಚಿಗೆ ಬಳಿದರು. ಅದೆಷ್ಟು ಚೆನ್ನಾಗಿ ಹೊಂದಿತೆಂದರೆ ಊರು ಎಲ್ಲಿ ಮುಗಿಯುತ್ತದೆ, ಅಂಚು ಎಲ್ಲಿ ಶುರುವಾಗುತ್ತದೆ ಎಂಬುದೇ ತಿಳಿಯದಾಯಿತು. ಮರುದಿನ ಚಿತ್ರ ತೆಗೆಯಲು ಬಂದ ಫೋಟೋಗ್ರಾಫರೊಬ್ಬರು, ಅಂಚು ಇನ್ನೂ ಒಂದು ಗೇಣು ಒಳಗಿನವರೆಗೆ ಇದೆ ಎಂದುಕೊಂಡು ತಮ್ಮ ಭಾರದ ಬ್ಯಾಗನ್ನು ಸೀದಾ ಸ್ಟೇಷನ್ನಿನ ಮೇಲೆ ಇಟ್ಟರು. ಟಿಕೆಟ್ ಮನೆ ಚಪ್ಪಟೆ. ಪ್ಲಾಟ್‌ಫಾರಂ ಮೇಲೆ ರೈಲಿಗೆ ಕಾಯುತ್ತಿದ್ದವರು ಅಂಗಾತ.

"ಫೋಟೋದವನು ಅಳೋ ಹಾಗಾಗಿದ್ದ. ಅಣ್ಣ ಮಾತ್ರ ಖುಷಿಯಾಗಿ ಓಡಾಡ್ತಿದ್ದ. ನೋಡಿದ್ರಾ ನನ್ನ ಬಣ್ಣ ಹೆಂಗಿದೆ ಅಂತ!"

ಆಮೇಲೆ ಅದೇ ಮಣ್ಣಿಗೆ ಒಂದಿಷ್ಟು ಬೂದಿ, ಒಂದಿಷ್ಟು ಹಸಿರು ಸೇರಿ, ಮೇಲ್ತುದಿಗೆ ದಟ್ಟನೆಯ ಒಂದು ತೆಳು ಗೆರೆ ಬಂದು, ಅಣ್ಣನ ಬಣ್ಣ ಎಂಬುದು ನಿಂತಿತು. ಅದೇ ಹೆಸರಿನಿಂದ ಗುಂಪಿನವರೆಲ್ಲ ಅದನ್ನು ಕರೆಯುತ್ತಾರೆ. ಕೆಲವು ವರ್ಷಗಳ ನಂತರ ಅಣ್ಣನ ಕಣ್ಣು ಮಂಜಾಗುತ್ತ ಬಂದು ಬ್ರಷ್ಷು ತಂಗಿಯ ಕೈಗೆ ಬಂತು. ಅಳತೆ, ಲೆಕ್ಕ ಯಾವುದನ್ನೂ ಅಣ್ಣ ಎಲ್ಲೂ ಬರೆದಿಟ್ಟಿರಲಿಲ್ಲ. ಪಕ್ಕದಲ್ಲಿ ಹಳೆಯದನ್ನು ಇಟ್ಟುಕೊಂಡು ಹೊಸದನ್ನು ಕಲಸುವುದು, ತೇಪೆ ಹಾಕುವುದು, ದೂರ ನಿಂತು ನೋಡುವುದು. ಹೀಗೇ ನಡೆಯಿತು.

ತಂಟೆ ಶುರುವಾದದ್ದು ಈ ವರ್ಷ. ಶೆಡ್ಡಿನ ಸೋರುವ ಮಾಡನ್ನು ಸರಿಮಾಡಿಸುವಾಗ ಹಳೆಯ ಹಳದಿ ಬಲ್ಬುಗಳನ್ನು ತೆಗೆದು ಬಿಳಿಯ ಹೊಸ ದೀಪಗಳನ್ನು ಹಾಕಿದರು. ಮೇಲಿನ ಊರು ಚೆನ್ನಾಗಿಯೇ ಕಂಡಿತು, ಅಂಚು ಮಾತ್ರ ಬೂಷ್ಟು ಹಿಡಿದ ಹಾಗೆ ಹಸಿರು ಹಸಿರಾಯಿತು. ಗಾರ್ಡ್ ಸಾಹೇಬರು ಒಂದೇ ಮಾತಿಗೆ ಪರಿಹಾರ ಹೇಳಿದರು: "ಕಪ್ಪು ಬಳೀರಿ ಅಕ್ಕ. ಕಪ್ಪಿಗೆ ಯಾವ ದೀಪ ಆದ್ರೇನು?" ಬೇಕಿದ್ದರೆ ಬಳಿಯಬಹುದಿತ್ತು. ಬೇರೆ ಊರುಗಳಲ್ಲಿ ಹಾಗೆ ಮಾಡುತ್ತಾರಂತೆ, ನೋಡಲು ಅಂದವಾಗಿಯೂ ಇರುತ್ತದಂತೆ. ಅಂಚಿನಕ್ಕನಿಗೆ ಮನಸ್ಸು ಬರಲಿಲ್ಲ. ಅಣ್ಣನನ್ನು ಒಂದು ಮಾತು ಕೇಳೋಣ ಎಂದು, ಹಿಂಬದಿಯ ಅಂಚಿನಿಂದ ಒಂದು ಸಣ್ಣ ತುಂಡು ಬಿಚ್ಚಿಕೊಂಡು ಅವರ ಮನೆಗೆ ಹೋದರು. ಮನೆಯೇನು ದೂರವಿಲ್ಲ, ಇವರ ಅಡುಗೆಮನೆ ಗೋಡೆಯ ಆಚೆಗೇ ಅಣ್ಣನ ಮನೆ.

ಅಣ್ಣನಿಗೆ ಆಗತಾನೇ ಎರಡೂ ಕಣ್ಣಿನ ಪೊರೆ ತೆಗೆಸಿಯಾಗಿತ್ತು. ತುಂಡನ್ನು ಕಿಟಕಿಯ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಇದು ನನ್ನ ಬಣ್ಣ ಅಲ್ಲ," ಎಂದರು.

"ನಿಂದೇ ಅಣ್ಣ."

"ನಂದು ಹಿಂಗಿರ್ಲಿಲ್ಲ. ಅದರಲ್ಲಿ ಬಿಸಿಲಿತ್ತು. ಇದು ಚರಂಡಿ ಮಣ್ಣು. ತೇಪೆ ಹಾಕ್ತಾ ಹಾಕ್ತಾ ನೀನೇ ಕೆಡಿಸಿದೀಯ."

ಇದನ್ನು ಹೇಳುವಾಗ ಅಂಚಿನಕ್ಕ ನನ್ನ ಮುಖ ನೋಡುವುದಿಲ್ಲ. ಕೈಯಲ್ಲಿದ್ದ ಕ್ಲಿಪ್ಪನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡುತ್ತಾರೆ. "ಬೈದಿದ್ದಕ್ಕೆ ಬೇಜಾರಿಲ್ಲ. ಅವನ ಬೈಗುಳ ತಿಂದೇ ಬೆಳೆದೋಳು ನಾನು. ಆದ್ರೆ ಅವನು ಹೇಳಿದ್ದು ನಿಜ ಇದ್ರೆ? ಒಂದೊಂದ್ಸಲಕ್ಕೆ ಒಂದು ಚೂರು, ಕಣ್ಣಿಗೆ ಕಾಣದಷ್ಟು ತಪ್ಪಿದ್ರೂ, ಇಷ್ಟು ವರ್ಷದಲ್ಲಿ ಎಲ್ಲಿಂದ ಎಲ್ಲಿಗೆ ಹೋಗಿರುತ್ತೆ ಹೇಳಿ. ಅವನದು ಅಂತ ಉಳಿದಿದ್ದೇ ಇದೊಂದು. ಕಾರ್ಖಾನೆ ಇಲ್ಲ, ಬೋಗಿಗಳೆಲ್ಲ ಗುಜರಿಗೆ ಹೋದ್ವು. ಇದನ್ನೂ ನಾನೇ ಅಳಿಸಿಬಿಟ್ನಾ?"

ಅಂದಿನಿಂದ ಅಣ್ಣ ತಂಗಿಯ ನಡುವೆ ಮಾತಿಲ್ಲ. ಅತ್ತಿಗೆ ಅಂಚೆಯವರ ಕೆಲಸ ಮಾಡುತ್ತಿದ್ದಾರೆ. "ನಿಮ್ಮಣ್ಣ ಊಟ ಆಯ್ತಾ ಅಂತ ಕೇಳ್ತಿದಾರೆ" ಎಂದು ಹಿತ್ತಿಲ ಗೋಡೆಯ ಮೇಲಿಂದ ಒಂದು ತಲೆ. "ಆಯ್ತು ಅಂತ ಹೇಳಿ" ಎಂದು ಈ ಕಡೆಯಿಂದ ಉತ್ತರ. ಮುನಿಸಿನಲ್ಲೂ ಊಟದ ವಿಚಾರಣೆ ತಪ್ಪಿಲ್ಲ ಎನ್ನುವುದು ನನಗೆ ಸಮಾಧಾನ ತಂದರೂ ಅಂಚಿನಕ್ಕನಿಗೆ ಸಾಲದು. ಬೆಳಗಿನ ಜಾವಕ್ಕೆ ಶೆಡ್ಡಿಗೆ ಬಂದು ಪಟ್ಟಿಗಳ ಮೇಲೆ ಪಟ್ಟಿ ಬಳಿಯುತ್ತಿರುವುದು ಇದೇ ಸಂಕಟಕ್ಕೆ. ಬಿಸಿಲಿದ್ದ ಆ ಬಣ್ಣವನ್ನು ಮತ್ತೆ ಹುಡುಕಬೇಕು, ಆದರೆ ಅದು ಹೇಗಿತ್ತು ಎಂಬುದರಲ್ಲಿ ಅವರಿಗೆ ಈಗ ತಮ್ಮ ಮೇಲೇ ನಂಬಿಕೆಯಿಲ್ಲ.

ದಾರಿ ತೋರಿಸಿದ್ದು ಕಪ್ಪು ಬಳಿಯಿರಿ ಎಂದ ಅದೇ ಗಾರ್ಡ್ ಸಾಹೇಬರು. ಮೇಜು ನಡುವೆ ಖಾಲಿ ಜಾಗ ಬಿಟ್ಟು ಬಳೆಯ ಹಾಗೆ ಸುತ್ತಿರುವುದರಿಂದ ಒಳಗೆ ಹೋಗಲು ಒಂದು ಕಡೆ ಎತ್ತುವ ಹಲಗೆಯಿದೆ, ಅಂಗಡಿಯ ಗಲ್ಲಾದ ಪಕ್ಕ ಇರುವಂಥದ್ದು. ಅದಕ್ಕೆ, ಅಂಚಿನ ಬಣ್ಣದ ಮೇಲೇ ಕೂರಿಸಿದ, ಅಂಗೈ ಅಗಲದ ಒಂದು ಹಿತ್ತಾಳೆಯ ಕೀಲು.

"ಈ ಕೀಲು ಹಾಕಿದ್ದು ನಾನು," ಎಂದರು ಗಾರ್ಡ್ ಸಾಹೇಬರು ಚಹಾ ಹೀರುತ್ತ. "ನಿಮ್ಮಣ್ಣ ಮೊದಲನೇ ಸಲ ಈ ಬಣ್ಣ ಬಳಿದಾಗ ಅದು ಪೂರ್ತಿ ಒಣಗಿರ್ಲಿಲ್ಲ, ಮೇಲೇ ಕೂರಿಸ್ಬಿಟ್ಟೆ. ಎಂಥಾ ಬೈಗುಳ ಬೈದ ಅಂತೀರಿ! ಅವತ್ತಿಂದ ಯಾರೂ ಅದನ್ನ ಬಿಚ್ಚಿಲ್ಲ."

ಕೀಲಿನ ಅಡಿಯಲ್ಲಿ ಅಣ್ಣನ ಕೈಯ ಬಣ್ಣ ಹಾಗೇ ಇದೆ. ತಂಗಿಯ ಬ್ರಷ್ಷು ಅದನ್ನು ಮುಟ್ಟಿಲ್ಲ. ಬಿಚ್ಚಿದರೆ ಒಂದು ನಿಮಿಷದಲ್ಲಿ ಎಲ್ಲ ತೀರ್ಮಾನವಾಗುತ್ತದೆ. ಅಂಚಿನಕ್ಕ ಬಿಚ್ಚಲಿಲ್ಲ. ಅಲ್ಲೇ ಓಡಾಡಿದರು, ಕೀಲಿನ ಮೇಲಿನ ಧೂಳು ಒರೆಸಿದರು, ಇವತ್ತು ಬೇಡ ಎಂದರು. ಮರುದಿನವೂ ಇವತ್ತು ಬೇಡವೇ. "ಅಡೀಲಿ ಬೇರೆ ಬಣ್ಣ ಇದ್ರೆ ಏನ್ಮಾಡ್ಲಿ? ನೋಡೋದಾದ್ರೆ ಅವನ ಮುಂದೇನೇ ನೋಡ್ತೀನಿ. ತಪ್ಪು ನಂದಾಗಿದ್ರೆ ಅವನೇ ಹೇಳ್ಲಿ."

ಅತ್ತಿಗೆ ಅದು ಹೇಗೆ ಒಪ್ಪಿಸಿದರೋ, ಒಂದು ಬೆಳಿಗ್ಗೆ ಬಾಡಿಗೆ ಕಾರು ಶೆಡ್ಡಿನ ಮುಂದೆ ನಿಲ್ಲುತ್ತದೆ. ಕಪ್ಪು ಕನ್ನಡಕ, ಇಸ್ತ್ರಿ ಮಾಡಿದ ಅಂಗಿ, ಮುಖದ ಮೇಲೆ ಇನ್ನೂ ಇಳಿಯದ ಬಿಗುಮಾನ. ಅಣ್ಣ ತಂಗಿಯ ಕಡೆ ನೋಡದೆ ಗಾರ್ಡ್ ಸಾಹೇಬರಿಗೆ ಮಾತ್ರ ತಲೆಯಾಡಿಸುತ್ತಾರೆ. ಅಂಚಿನಕ್ಕ ಸ್ಕ್ರೂಡ್ರೈವರ್ ಹಿಡಿದು ಸ್ಟೂಲಿನ ಮೇಲೆ ಕೂರುತ್ತಾರೆ. ಮೊದಲ ಸ್ಕ್ರೂ ತುಕ್ಕು ಹಿಡಿದು ಜಗ್ಗುವುದಿಲ್ಲ. ಗಾರ್ಡ್ ಸಾಹೇಬರು ಸಹಾಯಕ್ಕೆ ಕೈ ಚಾಚಿದರೆ ಅದನ್ನು ತಳ್ಳಿಬಿಡುತ್ತಾರೆ. ಕೊನೆಗೂ ಕೀಲು ಕೈಗೆ ಬರುತ್ತದೆ. ಅದು ಕೂತಿದ್ದ ಜಾಗವನ್ನು ಅಂಚಿನಕ್ಕ ಸೆರಗಿನ ತುದಿಯಿಂದ ಒರೆಸಿ ಪಕ್ಕಕ್ಕೆ ಸರಿಯುತ್ತಾರೆ.

ಸ್ಕ್ರೂ ತೂತುಗಳು ಇಲ್ಲದಿದ್ದರೆ ಕೀಲು ಎಲ್ಲಿತ್ತು ಎಂದು ಯಾರೂ ಹೇಳುವಂತಿಲ್ಲ. ಅಡಿಯಲ್ಲಿರುವುದು, ಸುತ್ತ ಇರುವುದು, ಎರಡೂ ಒಂದೇ ಬಣ್ಣ.

ಅಣ್ಣ ಕನ್ನಡಕ ತೆಗೆದು ಬಗ್ಗುತ್ತಾರೆ. ಉಗುರಿನಿಂದ ಅತ್ತ ಇತ್ತ ಸವರುತ್ತಾರೆ. ಗೆರೆ ಸಿಗುವುದಿಲ್ಲ. "ಇದು ನಾನು ಬಳಿದಿದ್ದಾ?"

"ನೀನೇ," ಎನ್ನುತ್ತಾರೆ ಗಾರ್ಡ್ ಸಾಹೇಬರು. "ನನಗೆ ಬೈದಿದ್ದೂ ನೀನೇ."

"ಹಾಗಾದ್ರೆ ಇಷ್ಟು ವರ್ಷ ನಾನು ನೋಡಿದ್ದು ಯಾವ ಬಣ್ಣ?"

ಇದಕ್ಕೆ ಉತ್ತರ ಕೊಡುವವರು ಅತ್ತಿಗೆ. "ಆಪರೇಷನ್ನಿಗೆ ಮುಂಚೆ ನಾನು ಒಗೆದ ಬಿಳಿ ಹೊದಿಕೇನೆಲ್ಲ ಹಳದಿ, ಸರಿಯಾಗಿ ಒಗೆದಿಲ್ಲ ಅಂತ ದಿನಾ ಜಗಳ ಆಡ್ತಿದ್ರಲ್ಲ, ಆ ಬಣ್ಣ," ಎಂದು ಅವರು ಹೇಳಿದ ರೀತಿಗೆ ಅಣ್ಣನೇ ಮೊದಲು ನಗುತ್ತಾರೆ.

ವಿಷಯ ಅಷ್ಟೇ. ಪೊರೆ ಕಟ್ಟುತ್ತ ಹೋದ ಕಣ್ಣು ಎಲ್ಲಕ್ಕೂ ಹಳದಿ ಬೆರೆಸಿ ತೋರಿಸುತ್ತಿತ್ತು, ಮೇಲೆ ಹಳದಿ ಬಲ್ಬು ಬೇರೆ. ಬಿಸಿಲಿದ್ದ ಆ ಬಣ್ಣ ಈ ಹಲಗೆಯ ಮೇಲೆ ಯಾವತ್ತೂ ಇರಲೇ ಇಲ್ಲ. ಅಣ್ಣನಿಗೆ ಮಾತ್ರವಲ್ಲ, ಆ ಬಲ್ಬಿನ ಬೆಳಕಿನಲ್ಲಿ ನಿಂತು ರೈಲು ನೋಡಿದ ನಮಗೆಲ್ಲ ಅದು ಇದ್ದ ಹಾಗೆಯೇ ಕಂಡಿದೆ. ಹಳೆಯ ಕಾಲ ಚೆನ್ನಾಗಿತ್ತು ಎಂದು ನಾನೂ ಆಗಾಗ ಬರೆಯುವವಳೇ.

ಅಣ್ಣ ಕ್ಷಮೆ ಕೇಳುವ ಪೈಕಿಯಲ್ಲ. ಕೀಲಿದ್ದ ಜಾಗದ ಸುತ್ತ ಇನ್ನೊಮ್ಮೆ ಬೆರಳಾಡಿಸಿ, "ತೇಪೆ ಎಲ್ಲಿ ಹಾಕಿದೀಯ ಅಂತ ಗೊತ್ತೇ ಆಗಲ್ವಲ್ಲೇ," ಎನ್ನುತ್ತಾರೆ, ಅಷ್ಟೆ. ಅಂಚಿನಕ್ಕ ಮುಖ ಆ ಕಡೆ ತಿರುಗಿಸಿಕೊಂಡು ಮೂಗು ಒರೆಸಿಕೊಳ್ಳುತ್ತಾರೆ. ಬಣ್ಣದ ಕೆಲಸದವರ ನಡುವೆ ಇದಕ್ಕಿಂತ ದೊಡ್ಡ ಮಾತು ಇಲ್ಲವಂತೆ. ಆಮೇಲೆ ಅವರೇ ಹೇಳಿದ್ದು ಇದು.

ಮುಂದೇನು ಎಂಬ ಪ್ರಶ್ನೆ ಉಳಿಯುತ್ತದೆ. ಹಲಗೆಯ ಮೇಲಿದ್ದದ್ದನ್ನೇ ಮತ್ತೆ ಬಳಿಯಬೇಕೇ, ಕಣ್ಣಿಗೆ ಕಂಡಿದ್ದನ್ನು ಬಳಿಯಬೇಕೇ? ಗಾರ್ಡ್ ಸಾಹೇಬರು ಮೆಲ್ಲಗೆ ಕಪ್ಪು ಎನ್ನಲು ಬಾಯಿ ತೆರೆದು, ಅತ್ತಿಗೆಯ ಮುಖ ನೋಡಿ ಮುಚ್ಚುತ್ತಾರೆ. ಅಂಚಿನಕ್ಕ ಆಗಲೇ ಡಬ್ಬಿಯ ಮುಚ್ಚಳ ಎಬ್ಬಿಸುತ್ತಿದ್ದಾರೆ. "ನೀನು ನೋಡಿದ್ದು ಹೇಳು ಅಣ್ಣ, ಕಲಸ್ತೀನಿ."

ಹಳೆಯ ಬಣ್ಣಕ್ಕೆ ಒಂದು ಚಮಚ ಮಣ್ಣು ಹಳದಿ. ಅಣ್ಣ ತಲೆಯಾಡಿಸುತ್ತಾರೆ, ಇಲ್ಲ. ಕಾವಿ ಕೆಂಪು ಕಡ್ಡಿಯ ತುದಿಯಷ್ಟು. ಇಲ್ಲ. ಮತ್ತೊಂದಿಷ್ಟು ಹಳದಿ. "ಅವಸರ ಮಾಡ್ಬೇಡ." ಇನ್ನೊಂದು ತೊಟ್ಟು ಕೆಂಪು. ಪಟ್ಟಿಗೆ ಬಳಿದು, ಕೈಯಲ್ಲಿ ಬೀಸಿ ಒಣಗಿಸಿ, ಅಂಚಿಗೆ ಕ್ಲಿಪ್ಪಿನಿಂದ ಕಚ್ಚಿಸಿ ಎಲ್ಲರೂ ಹಿಂದೆ ಸರಿದು ನಿಲ್ಲುವುದು, ಮತ್ತೆ ಮುಂದೆ ಬರುವುದು. ನೋಡುವವರಿಗೆ ಇದೇನೋ ಕುಣಿತ ಅನ್ನಿಸಬೇಕು. ಕೊನೆಗೊಮ್ಮೆ ಅಣ್ಣ, "ನಿಲ್ಸು," ಎನ್ನುತ್ತಾರೆ. ಗಾರ್ಡ್ ಸಾಹೇಬರು ಹೋಗಿ ರೈಲಿನ ಸ್ವಿಚ್ಚು ಹಾಕುತ್ತಾರೆ. ಪಟ್ಟಿಯ ಹಿಂದೆ ರೈಲು ಹಾದುಹೋಗುವಾಗ, "ಹಳೇ ಬಲ್ಬು ಹಾಕಿದ ಹಾಗಿದೆಯಲ್ಲ," ಎಂದು ತಮ್ಮಷ್ಟಕ್ಕೆ ಗೊಣಗುತ್ತಾರೆ. ಬಿಳಿ ದೀಪ ಕಸಿದುಕೊಂಡ ಬಿಸಿಯನ್ನು ಹೊಸ ಬಣ್ಣ ವಾಪಸ್ ತಂದಿದೆ.

ಈಗ ಅಂಚಿನ ಮುಕ್ಕಾಲು ಭಾಗ ಮುಗಿದಿದೆ. ಕೀಲು ತನ್ನ ಜಾಗಕ್ಕೆ ಮರಳಿದೆ, ಅದರಡಿ ಇರುವುದನ್ನು ಮುಟ್ಟಬಾರದೆಂದು ಅಣ್ಣನ ಆಜ್ಞೆ. ಅಂಚಿನಕ್ಕ ಸ್ಟೂಲನ್ನು ಮುಂದೆ ಮುಂದೆ ಜರುಗಿಸಿಕೊಂಡು, ಉಸಿರು ಬಿಗಿಹಿಡಿದು ಮೇಲ್ತುದಿಯ ತೆಳು ಗೆರೆ ಎಳೆಯುತ್ತಿದ್ದಾರೆ. ಕೆಮ್ಮು ಬಂದರೆ ಬ್ರಷ್ಷನ್ನು ದೂರ ಹಿಡಿದು ಕೆಮ್ಮಿ ಮುಗಿಸಿ, ಮತ್ತೆ ಅಲ್ಲಿಂದಲೇ ಶುರು ಮಾಡುತ್ತಾರೆ.

ನನಗೆ ಒಂದು ಅನುಮಾನ ಉಳಿದಿತ್ತು. ಇಷ್ಟು ವರ್ಷ ಗೆರೆ ಕಾಣದ ಹಾಗೆ ತೇಪೆ ಹಾಕಿದವರು, ಕೊನೆಯ ಬಣ್ಣವನ್ನು ಪೂರ್ತಿ ಅಣ್ಣನ ಕಣ್ಣಿಗೆ ಒಪ್ಪಿಸಿದ್ದೇಕೆ? ನಿಮಗೆ ಹೇಗೆ ಕಂಡಿತು ಎಂದು ಅವರನ್ನು ಯಾರೂ ಕೇಳಲೇ ಇಲ್ಲವಲ್ಲ?

"ನನ್ನ ಕಣ್ಣಿಗೂ ಪೊರೆ ಬಂದಿದೆ ತಾಯಿ," ಎನ್ನುತ್ತಾರೆ ಗೆರೆಯಿಂದ ಕಣ್ಣು ತೆಗೆಯದೆ. "ಡಾಕ್ಟ್ರು ಹೇಳಿ ಸುಮಾರು ದಿನ ಆಯ್ತು. ಇದು ಮುಗೀಲಿ, ಆಮೇಲೆ ಬರ್ತೀನಿ ಅಂದಿದೀನಿ. ಅಣ್ಣನ ಬಣ್ಣಾನ ಈ ಕಣ್ಣಲ್ಲೇ ಕಲ್ತಿದ್ದು, ಈ ಕಣ್ಣಲ್ಲೇ ಬಳಿದು ಮುಗಿಸ್ಬೇಕು ಅಂತ ಆಸೆ. ಆಪರೇಷನ್ ಆದ್ಮೇಲೆ ನಾನು ಬಂದು, ಇದು ನಾನು ಬಳಿದಿದ್ದಲ್ಲ, ಯಾರೋ ಕೆಡಿಸಿದಾರೆ ಅಂತ ಕೂಗಾಡಿದ್ರೆ, ನೀವೇನೂ ಅಂದ್ಕೋಬೇಡಿ. ಅಣ್ಣನಿಗೆ ಹೇಳಿಟ್ಟಿದೀನಿ. ಅವನು ನನ್ನನ್ನ ಇಲ್ಲೇ ಕೂರಿಸಿ, ನಿಂದೇ ಕಣೇ ಅಂತ ಹೇಳ್ತಾನೆ."